ಪಾಸಿಗ್ ನಗರದ ಮೂರು ಚುನಾವಣೆಗಳು: ಒಂದು ಮನೆತನದ 27 ವರ್ಷದ ಆಳ್ವಿಕೆ ಮುಗಿದ ಬಗೆ

2019ರ ಮೇ 13ರಂದು ಫಿಲಿಪೀನ್ಸ್‌ನ ಪಾಸಿಗ್ ನಗರದಲ್ಲಿ ಮೇಯರ್ ಚುನಾವಣೆ ನಡೆಯಿತು. 29 ವರ್ಷದ ವಿಕೊ ಸೊಟೊಗೆ 2 ಲಕ್ಷ 9 ಸಾವಿರಕ್ಕೂ ಹೆಚ್ಚು ಮತ ಬಿತ್ತು. ಅಧಿಕಾರದಲ್ಲಿದ್ದ ಮೇಯರ್ ರಾಬರ್ಟ್ ಯುಸೇಬಿಯೊಗೆ ಸಿಕ್ಕಿದ್ದು 1 ಲಕ್ಷ 21 ಸಾವಿರದಷ್ಟು. 1992ರಿಂದ ಆ ಊರಿನ ಮೇಯರ್ ಕುರ್ಚಿಯಲ್ಲಿ ಯುಸೇಬಿಯೊ ಮನೆಯವರನ್ನು ಬಿಟ್ಟು ಬೇರೆ ಯಾರೂ ಕೂತಿರಲಿಲ್ಲ. ಆ ವರ್ಷ ಹುಟ್ಟಿದ ಮಗುವಿಗೆ 2019ರಲ್ಲಿ 27 ತುಂಬಿತ್ತು.

ರಾಜಮನೆತನಗಳಂತೆ ಬೇರು ಬಿಟ್ಟ ಕುಟುಂಬಗಳು ಸೋಲುವುದು ಫಿಲಿಪೀನ್ಸ್‌ನಲ್ಲಿ ಅಪರೂಪವೇನಲ್ಲ. ಒಂದು ಮನೆತನ ಬಿದ್ದರೆ ಇನ್ನೊಂದು ಮನೆತನ ಆ ಜಾಗಕ್ಕೆ ಬರುತ್ತದೆ, ಅಷ್ಟೇ. ಪಾಸಿಗ್ ನನಗೆ ಮುಖ್ಯವಾಗುವುದು ಆಮೇಲೆ ನಡೆದದ್ದರಿಂದ. 2022ರಲ್ಲಿ ಸೊಟೊ ಪಡೆದ ಮತ 3 ಲಕ್ಷ 35 ಸಾವಿರ ದಾಟಿತು, ಎದುರಾಳಿ 45 ಸಾವಿರಕ್ಕೆ ನಿಂತರು. 2025ರಲ್ಲಿ ಸೊಟೊಗೆ ಮೂರೂವರೆ ಲಕ್ಷಕ್ಕೂ ಹೆಚ್ಚು, ಎದುರಾಳಿಗೆ ಮೂವತ್ತು ಸಾವಿರವೂ ಇಲ್ಲ. ಅಧಿಕಾರದಲ್ಲಿರುವವರ ಜನಪ್ರಿಯತೆ ಸಾಮಾನ್ಯವಾಗಿ ಸವೆಯುತ್ತದೆ. ಇಲ್ಲಿ ಬೆಳೆಯಿತು. ಅದೂ ಮೇಯರ್ ತನ್ನ ಹೆಸರು ಊರಿನ ಗೋಡೆಗಳ ಮೇಲೆ ಬರದಂತೆ ನೋಡಿಕೊಂಡ ಮೇಲೆ. ಇದು ಹೇಗಾಯಿತು ಎನ್ನುವುದೇ ಈ ಬರಹದ ವಿಷಯ.

ಊರು ಮತ್ತು ಅಲ್ಲಿನ ಕಾನೂನು

ಮನಿಲಾ ಮಹಾನಗರ ಪ್ರದೇಶದ 16 ನಗರಗಳಲ್ಲಿ ಪಾಸಿಗ್ ಒಂದು. 2020ರ ಜನಗಣತಿಯಲ್ಲಿ ಜನಸಂಖ್ಯೆ 8 ಲಕ್ಷ 3 ಸಾವಿರ. ಪಶ್ಚಿಮದ ತುದಿಯಲ್ಲಿ ಒರ್ಟಿಗಾಸ್ ವಾಣಿಜ್ಯ ಕೇಂದ್ರದ ಗಾಜಿನ ಗೋಪುರಗಳು, ಬ್ಯಾಂಕುಗಳು, ಮಾಲುಗಳು. ಪೂರ್ವಕ್ಕೆ ಬಂದರೆ ಪಿನಾಗ್‌ಬುಹಾತನ್, ಮಂಗಹಾನ್‌ನಂಥ ತಗ್ಗು ಪ್ರದೇಶಗಳು. ಲಗೂನಾ ಸರೋವರಕ್ಕೆ ನೆರೆನೀರು ಸಾಗಿಸುವ ಮಂಗಹಾನ್ ಕಾಲುವೆ ಇರುವುದು ಈ ಕಡೆಗೇ. 2009ರ ಸೆಪ್ಟೆಂಬರ್‌ನಲ್ಲಿ ಒಂಡಾಯ್ ಚಂಡಮಾರುತ ಬಂದಾಗ ಈ ಭಾಗ ಮುಳುಗಿತ್ತು. ಒಂದೇ ನಗರಪಾಲಿಕೆಯ ಖಜಾನೆಗೆ ಆ ಗೋಪುರಗಳ ತೆರಿಗೆಯೂ ಬರುತ್ತದೆ, ಈ ತಗ್ಗಿನ ಮನೆಗಳ ಅಹವಾಲೂ ಬರುತ್ತದೆ. ಶ್ರೀಮಂತ ಖಜಾನೆ ಮತ್ತು ಬಡ ಮತದಾರರು ಒಟ್ಟಿಗೇ ಇರುವ ಊರಿನಲ್ಲಿ ಮೇಯರ್ ಹುದ್ದೆಗೆ ಎಷ್ಟು ತೂಕ ಎಂದು ಬೇರೆ ಹೇಳಬೇಕಿಲ್ಲ.

ಆ ತೂಕವನ್ನು ಕೊಟ್ಟದ್ದು 1991ರ ಸ್ಥಳೀಯ ಸರ್ಕಾರ ಸಂಹಿತೆ. ಆರೋಗ್ಯ, ಸಮಾಜ ಕಲ್ಯಾಣದಂಥ ಕೆಲಸಗಳನ್ನು ಅದು ಮನಿಲಾದ ಕೇಂದ್ರ ಸರ್ಕಾರದಿಂದ ಕೆಳಗಿಳಿಸಿ ನಗರಗಳ ಕೈಗೆ ಕೊಟ್ಟಿತು. ಮೇಯರ್‌ನನ್ನು ಜನರೇ ನೇರವಾಗಿ ಆರಿಸುತ್ತಾರೆ. ಉಪಮೇಯರ್‌ಗೆ ಬೇರೆಯದೇ ಮತ. ಆದ್ದರಿಂದ ಮೇಯರ್ ಒಂದು ಬಣ, ಉಪಮೇಯರ್ ಇನ್ನೊಂದು ಬಣ ಆಗುವುದು ಅಲ್ಲಿ ಮಾಮೂಲು. ನಗರಸಭೆಯ ಅಧ್ಯಕ್ಷತೆ ವಹಿಸುವುದು ಉಪಮೇಯರ್. ಪಾಸಿಗ್‌ನಲ್ಲಿ ನಗರದೊಳಗಿನ ಎರಡು ಚುನಾವಣಾ ಜಿಲ್ಲೆಗಳಿಂದ ಆರಾರು ಮಂದಿಯಂತೆ 12 ಕೌನ್ಸಿಲರುಗಳು ಚುನಾಯಿತರಾಗುತ್ತಾರೆ. ಅದರ ಕೆಳಗೆ 30 ಬರಂಗಾಯ್‌ಗಳು. ಬರಂಗಾಯ್ ಎಂದರೆ ಅಲ್ಲಿನ ಅತಿ ಕೆಳಗಿನ ಆಡಳಿತ ಘಟಕ. ಅದರ ಮುಖ್ಯಸ್ಥನ ಚುನಾವಣೆ ಬೇರೆ ದಿನ ನಡೆಯುತ್ತದೆ, ಪಕ್ಷದ ಚಿಹ್ನೆ ಇರುವುದಿಲ್ಲ. ಆದರೆ ಮೇಯರ್ ಚುನಾವಣೆಯಲ್ಲಿ ಬೀದಿ ಬೀದಿಗೆ ಜನ ಸೇರಿಸುವವರು ಇವರೇ.

ಅಧಿಕಾರಾವಧಿ ಮೂರು ವರ್ಷ. ಸತತವಾಗಿ ಮೂರು ಅವಧಿಗಿಂತ ಹೆಚ್ಚು ಇರುವಂತಿಲ್ಲ. ಇದು 1987ರ ಸಂವಿಧಾನದಲ್ಲೇ ಇದೆ. ಅದೇ ಸಂವಿಧಾನದ ಎರಡನೇ ವಿಧಿ, 26ನೇ ಸೆಕ್ಷನ್ ರಾಜಕೀಯ ಮನೆತನಗಳನ್ನೇ ನಿಷೇಧಿಸುತ್ತದೆ. ಆದರೆ ಕೊನೆಗೊಂದು ಮಾತು ಸೇರಿಸುತ್ತದೆ: ಮನೆತನ ಎಂದರೇನು ಎನ್ನುವುದನ್ನು ಸಂಸತ್ತು ಕಾನೂನು ಮಾಡಿ ಹೇಳಬೇಕು ಎಂದು. ಸಂಸತ್ತಿನಲ್ಲಿ ಕೂತವರಲ್ಲಿ ಬಹುಪಾಲು ಜನ ಇಂಥ ಮನೆತನಗಳವರೇ. ಮೂರೂವರೆ ದಶಕಗಳ ಕಾಲ ಮಸೂದೆಗಳು ಮೇಲಿಂದ ಮೇಲೆ ಮಂಡನೆಯಾಗಿ ಹಾಗೇ ಬಿದ್ದುಹೋದವು.

ಯುಸೇಬಿಯೊ ಕುಟುಂಬದ ಲೆಕ್ಕ ನೋಡಿದರೆ ಈ ಎರಡು ನಿಯಮಗಳ ನಡುವಿನ ಸಂದು ಎಷ್ಟು ಅಗಲ ಎಂದು ಗೊತ್ತಾಗುತ್ತದೆ. ತಂದೆ ವಿಸೆಂಟೆ 1992ರಿಂದ 2001ರವರೆಗೆ ಮೂರು ಅವಧಿ. ಮುಂದೆ ನಿಲ್ಲುವಂತಿಲ್ಲ, ಹಾಗಾಗಿ ಹೆಂಡತಿ ಸೊಲೆದಾದ್ ಒಂದು ಅವಧಿ. ನಡುವೆ ಬೇರೆಯವರು ಬಂದರೆಂದರೆ ಎಣಿಕೆ ಮತ್ತೆ ಒಂದರಿಂದ ಶುರು. ಆದ್ದರಿಂದ 2004ಕ್ಕೆ ವಿಸೆಂಟೆ ವಾಪಸ್. 2007ರಿಂದ ಮಗ ರಾಬರ್ಟ್ ಎರಡು ಅವಧಿ, 2013ರಿಂದ ಸೊಸೆ ಮಾರಿಬೆಲ್ ಒಂದು ಅವಧಿ, 2016ಕ್ಕೆ ಮತ್ತೆ ರಾಬರ್ಟ್. ಒಟ್ಟು ಒಂಬತ್ತು ಚುನಾವಣೆ, ಒಂಬತ್ತೂ ಗೆಲುವು. ಕಾನೂನಿನ ಒಂದು ಅಕ್ಷರವನ್ನೂ ಮುರಿದಂತಾಗಲಿಲ್ಲ. ಅವಧಿ ಮಿತಿಯನ್ನು ಬರೆದವರು ವ್ಯಕ್ತಿಯನ್ನು ತಡೆಯಲು ಹೊರಟಿದ್ದರು, ಕುಟುಂಬ ಅದನ್ನು ಸರದಿಯ ಪಟ್ಟಿ ಮಾಡಿಕೊಂಡಿತು. ಪಾಸಿಗ್ ಒಂದೇ ಅಲ್ಲ, ಆ ದೇಶದ ಹೆಚ್ಚುಕಡಿಮೆ ಎಲ್ಲ ಪ್ರಾಂತಗಳಲ್ಲೂ ಇದೇ ಪದ್ಧತಿ.

ಗೋಡೆಯ ಮೇಲಿನ ಹೆಸರು

ಇಷ್ಟು ವರ್ಷ ಜನ ಯಾಕೆ ಮತ ಹಾಕಿದರು? ದುಡ್ಡು ಹಂಚಿದರು, ಜನ ಮಾರಿಕೊಂಡರು ಎನ್ನುವ ಉತ್ತರ ಕೈಗೆ ಬೇಗ ಸಿಗುತ್ತದೆ. ಮತ ಖರೀದಿ ಅಲ್ಲಿ ಎಷ್ಟು ಹಬ್ಬಿದೆ ಎಂದರೆ ಚುನಾವಣಾ ಆಯೋಗವಾದ ಕಾಮೆಲೆಕ್ ಅದಕ್ಕೆಂದೇ ‘ಕೊಂತ್ರಾ ಬಿಗಾಯ್’ ಎಂಬ ಪ್ರತ್ಯೇಕ ಸಮಿತಿ ಮಾಡಬೇಕಾಯಿತು. ಆದರೆ ಬರೀ ನೋಟಿನಿಂದ 27 ವರ್ಷ ಆಳಲು ಆಗುವುದಿಲ್ಲ. ಚುನಾವಣೆ ಇಲ್ಲದ ದಿನಗಳಲ್ಲಿ ಏನು ನಡೆಯುತ್ತದೆ ಎನ್ನುವುದನ್ನು ನೋಡಬೇಕು.

ಫಿಲಿಪೀನ್ಸ್‌ನ ನಗರವೊಂದರಲ್ಲಿ ಬಡ ಕುಟುಂಬಕ್ಕೆ ಸರ್ಕಾರ ಎದುರಾಗುವುದು ಕೆಲವೇ ಸಂದರ್ಭಗಳಲ್ಲಿ: ಆಸ್ಪತ್ರೆಯ ಬಿಲ್ಲು, ಮಗುವಿನ ವಿದ್ಯಾರ್ಥಿವೇತನ, ಶವಸಂಸ್ಕಾರದ ಖರ್ಚು, ನೆರೆ ಬಂದಾಗಿನ ಅಕ್ಕಿ, ಕ್ರಿಸ್‌ಮಸ್‌ನ ಆಹಾರ ಚೀಲ. ಇವೆಲ್ಲ ತೆರಿಗೆ ಹಣದಿಂದಲೇ ಬರುತ್ತವೆ. ಆದರೆ ಅವು ಕೈಗೆ ಸಿಗುವ ದಾರಿ ಬೇರೆ. ಆಸ್ಪತ್ರೆಗೆ ಹೋದವರು ರಾಜಕಾರಣಿಯ ಕಚೇರಿಯಿಂದ ‘ಗ್ಯಾರಂಟಿ ಲೆಟರ್’ ತರಬೇಕು. ಆ ಕಾಗದದ ಮೇಲೆ ಅವರ ಹೆಸರಿರುತ್ತದೆ, ಅಕ್ಕಿ ಚೀಲದ ಮೇಲೆ ಅವರ ಮುಖವಿರುತ್ತದೆ, ಆಂಬುಲೆನ್ಸಿನ ಬಾಗಿಲ ಮೇಲೂ. ಕಷ್ಟದಲ್ಲಿ ಕೈಹಿಡಿದವರ ಋಣವನ್ನು ಅಲ್ಲಿನವರು ‘ಉತಾಂಗ್ ನ ಲೊಒಬ್’ ಎನ್ನುತ್ತಾರೆ. ಅದನ್ನು ಮರೆಯುವುದು ನಾಚಿಕೆಗೇಡು. ಮತದಾರ ಮತಗಟ್ಟೆಯಲ್ಲಿ ತೀರಿಸುವುದು ಈ ಋಣವನ್ನು. ಅಂಥವನನ್ನು ಮೂರ್ಖ ಎಂದು ಕರೆಯುವ ವಿಶ್ಲೇಷಣೆಗಳನ್ನು ಓದಿದಾಗ ನನಗೆ ಬೇಸರವಾಗುತ್ತದೆ. ಮಗಳ ಡಯಾಲಿಸಿಸ್ ಬಿಲ್ಲು ಕಟ್ಟಿದ ಹೆಸರನ್ನು ನೆನಪಿಟ್ಟುಕೊಳ್ಳುವುದು ಕೃತಜ್ಞತೆ. ತಪ್ಪು ಇರುವುದು ಸಾರ್ವಜನಿಕ ಹಣಕ್ಕೆ ಖಾಸಗಿ ಹೆಸರು ಅಂಟಿಸಿದವರಲ್ಲಿ.

ಪಾಸಿಗ್‌ನಲ್ಲಿ ಈ ಅಂಟಿಸುವಿಕೆ ಒಂದು ಅಕ್ಷರದ ರೂಪ ಪಡೆದಿತ್ತು. ಇಂಗ್ಲಿಷಿನಲ್ಲಿ ಯುಸೇಬಿಯೊ (Eusebio) ಹೆಸರಿನ ಮೊದಲಕ್ಷರವಾದ ‘ಇ’ (E) ಊರಿನ ರಸ್ತೆ ಬದಿಯ ಸಾರ್ವಜನಿಕ ಸ್ವತ್ತುಗಳ ಮೇಲೆ ಎಲ್ಲೆಲ್ಲೂ ಕಾಣುತ್ತಿತ್ತು. ಹೀಗೆ ಸರ್ಕಾರಿ ಕೆಲಸಕ್ಕೆ ತನ್ನ ಹೆಸರು, ಮುಖ ಹಾಕಿಕೊಳ್ಳುವವರನ್ನು ಅಲ್ಲಿನ ಜನ ‘ಎಪಾಲ್’ ಎಂದು ಬೈಯುತ್ತಾರೆ. ಇದನ್ನು ನಿಷೇಧಿಸಿ ಒಳಾಡಳಿತ ಮತ್ತು ಸ್ಥಳೀಯ ಸರ್ಕಾರ ಇಲಾಖೆ 2010ರಲ್ಲೇ ಸುತ್ತೋಲೆ ಹೊರಡಿಸಿತ್ತು. ಬೈಗುಳವೂ ಇತ್ತು, ಸುತ್ತೋಲೆಯೂ ಇತ್ತು, ಹೆಸರುಗಳೂ ಇದ್ದವು.

ಸೊಟೊ ಎಲ್ಲಿಂದ ಬಂದರು

ಇಲ್ಲಿ ಒಂದು ವಿಷಯ ಮರೆಮಾಚದೆ ಹೇಳಬೇಕು. ವಿಕೊ ಸೊಟೊ ಯಾರಿಗೂ ಗೊತ್ತಿಲ್ಲದ ಹುಡುಗನಾಗಿ ಬಂದವರಲ್ಲ. ತಂದೆ ವಿಕ್ ಸೊಟೊ, 1979ರಿಂದ ನಡೆಯುತ್ತಿರುವ ‘ಈಟ್ ಬುಲಾಗಾ’ ಎಂಬ ಮಧ್ಯಾಹ್ನದ ಟಿವಿ ಕಾರ್ಯಕ್ರಮದ ನಿರೂಪಕ, ದೇಶದ ಮನೆಮನೆಗೂ ಪರಿಚಿತ ಹಾಸ್ಯನಟ. ತಾಯಿ ಕೋನಿ ರೇಯೆಸ್ ಹೆಸರಾಂತ ನಟಿ. ದೊಡ್ಡಪ್ಪ ಟಿಟೊ ಸೊಟೊ 2019ರಲ್ಲಿ ಸೆನೆಟ್ ಅಧ್ಯಕ್ಷರಾಗಿದ್ದರು. ಮುತ್ತಾತ ವಿಸೆಂಟೆ ಸೊಟೊ ಕೂಡ ಸೆನೆಟರ್. ಪಕ್ಕದ ಕೆಜಾನ್ ಸಿಟಿಯಲ್ಲಿ ಟಿಟೊ ಅವರ ಮಗ ಜಿಯಾನ್ ಅದೇ 2019ರಲ್ಲಿ ಉಪಮೇಯರ್ ಆದರು. ಅಂದರೆ ಪಾಸಿಗ್‌ನಲ್ಲಿ ಮನೆತನವನ್ನು ಸೋಲಿಸಿದ ಹುಡುಗ ಇನ್ನೊಂದು ಮನೆತನದವನೇ. ಈ ಕುಟುಂಬನಾಮ ಇಲ್ಲದಿದ್ದರೆ 29ನೇ ವಯಸ್ಸಿಗೆ ಆತ ಗೆಲ್ಲುತ್ತಿದ್ದನೇ ಎಂಬ ಪ್ರಶ್ನೆ ನ್ಯಾಯವಾದದ್ದು. ಬಹುಶಃ ಇಲ್ಲ ಎಂದೇ ನನ್ನ ಅಂದಾಜು. ಪಾಸಿಗ್ ಅನ್ನು ‘ಸಾಮಾನ್ಯನ ಗೆಲುವು’ ಎಂದು ಬಣ್ಣಿಸುವವರು ಈ ಭಾಗವನ್ನು ಬಿಟ್ಟುಬಿಡುತ್ತಾರೆ.

ಆದರೆ ಆತ ಆ ಹೆಸರನ್ನು ಖರ್ಚು ಮಾಡಿದ ರೀತಿ ಬೇರೆ. ಅಟೆನಿಯೊ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಓದಿ, ಅಲ್ಲೇ ಸಾರ್ವಜನಿಕ ಆಡಳಿತ ನಿರ್ವಹಣೆಯಲ್ಲಿ ಸ್ನಾತಕೋತ್ತರ ಪದವಿ ಮಾಡಿದರು. 2016ರಲ್ಲಿ ಪಕ್ಷೇತರರಾಗಿ ಕೌನ್ಸಿಲರ್ ಆದರು. ಎದುರು ಬಣದ ನಗರಸಭೆಯಲ್ಲಿ ಒಬ್ಬ ಹೊಸ ಕೌನ್ಸಿಲರ್ ಏನು ಮಾಡಬಹುದು? ಅವರು ಹಿಡಿದದ್ದು ಮಾಹಿತಿ ಹಕ್ಕನ್ನು. ಫಿಲಿಪೀನ್ಸ್‌ನಲ್ಲಿ ಇಡೀ ದೇಶಕ್ಕೆ ಅನ್ವಯವಾಗುವ ಮಾಹಿತಿ ಹಕ್ಕು ಕಾಯ್ದೆ ಇರಲಿಲ್ಲ. ಅಧ್ಯಕ್ಷ ಡುಟರ್ಟೆ 2016ರ ಜುಲೈಯಲ್ಲಿ ಹೊರಡಿಸಿದ ಆದೇಶ ಕೇಂದ್ರದ ಕಾರ್ಯಾಂಗಕ್ಕೆ ಮಾತ್ರ, ನಗರಗಳನ್ನು ಮುಟ್ಟುತ್ತಿರಲಿಲ್ಲ. ಪಾಸಿಗ್ ನಗರಸಭೆ 2018ರಲ್ಲಿ ಪಾರದರ್ಶಕತೆ ಕುರಿತ ತನ್ನದೇ ಕಟ್ಟಳೆ ಅಂಗೀಕರಿಸಿತು, ಅದನ್ನು ಬರೆದವರು ಸೊಟೊ. ಯುಸೇಬಿಯೊ ಆಳ್ವಿಕೆಯ ಕಾಲದಲ್ಲೇ ಇದು ಪಾಸಾಯಿತು ಎನ್ನುವುದನ್ನು ಗಮನಿಸಬೇಕು. ಮೇಯರ್ ಆಗುವ ಮೊದಲೇ ನಗರದ ಲೆಕ್ಕಪತ್ರ ಕೇಳುವ ಹಕ್ಕು ಊರಿನವರ ಕೈಗೆ ಬಂದಿತ್ತು.

ಗೆದ್ದ ಮೇಲಿನ ಮೊದಲ ವರ್ಷ

2019ರ ಗೆಲುವು ಅರ್ಧ ಗೆಲುವು. ಮೇಯರ್ ಕುರ್ಚಿ ಸಿಕ್ಕಿತು, ಆದರೆ ನಗರಸಭೆಯಲ್ಲಿ ಬಹುಮತ ಎದುರಾಳಿಗಳದ್ದು. ಬಜೆಟ್‌ಗೆ, ಕಟ್ಟಳೆಗೆ ಅವರ ಒಪ್ಪಿಗೆ ಬೇಕು. ಉಪಮೇಯರ್ ಇಯೊ ಕರುಂಚೊ ಬರ್ನಾರ್ಡೊ ಮುಂದೆ 2022ರಲ್ಲಿ ಸೊಟೊ ಎದುರಿಗೇ ನಿಂತವರು. ಇಂಥ ಪರಿಸ್ಥಿತಿಯಲ್ಲಿ ಮೇಯರ್ ತಾನೊಬ್ಬನೇ ಸಹಿ ಹಾಕಿ ಮಾಡಬಹುದಾದ ಕೆಲಸಗಳಿಂದ ಶುರು ಮಾಡಿದರು. ಅಧಿಕಾರ ವಹಿಸಿಕೊಂಡ ಕೂಡಲೇ ವಾಹನಗಳ ಸಮ-ಬೆಸ ಸಂಖ್ಯೆಯ ನಿರ್ಬಂಧವನ್ನು ತೆಗೆದರು. ತನ್ನ ಹೆಸರು, ಮುಖ ಯಾವ ಯೋಜನೆಯ ಮೇಲೂ ಇರಕೂಡದು ಎಂದರು. ಶುಭಾಶಯದ ಬ್ಯಾನರುಗಳಿಗೂ ಅದೇ ನಿಯಮ. ‘ಉಗ್ನಾಯನ್ ಸಾ ಪಾಸಿಗ್’ ಎಂಬ ಕಚೇರಿ ತೆರೆದು ಮಾಹಿತಿ ಅರ್ಜಿ ಮತ್ತು ದೂರುಗಳನ್ನು ಅಲ್ಲಿಗೆ ಕಳಿಸಿದರು.

ಕ್ರಿಸ್‌ಮಸ್ ಚೀಲದ ಉದಾಹರಣೆಯನ್ನೇ ನೋಡೋಣ. ‘ಪಮಾಸ್ಕೊಂಗ್ ಹಂದೋಗ್’ ಎಂದು ಪಾಸಿಗ್ ನಗರ ಪ್ರತಿ ವರ್ಷ ಮನೆಗಳಿಗೆ ಹಬ್ಬದಡುಗೆಯ ಸಾಮಾನಿನ ಚೀಲ ಕೊಡುತ್ತದೆ. ಸೊಟೊ ಅದನ್ನು ನಿಲ್ಲಿಸಲಿಲ್ಲ. ಇದು ಓಲೈಕೆ ಎಂದು ನಿಲ್ಲಿಸಿದ್ದರೆ ಸುದ್ದಿಪತ್ರಿಕೆಗಳು ಹೊಗಳುತ್ತಿದ್ದವೇನೋ. ಅವರು ಮಾಡಿದ್ದು ಚೀಲದಿಂದ ವ್ಯಕ್ತಿಯ ಹೆಸರು ತೆಗೆದು, ನಗರದ ಹೆಸರಷ್ಟೇ ಉಳಿಸಿ, ಮನೆಮನೆಗೆ ಹಂಚಿಸಿದ್ದು. ಯಾವ ಬಣಕ್ಕೆ ಮತ ಹಾಕಿದ ಮನೆ ಎಂದು ನೋಡುವಂತಿಲ್ಲ. ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದ ತಿರುಳು ಇಲ್ಲಿದೆ. ಬಡವರಿಗೆ ನೆರವು ಬೇಡವೆಂದು ಅವರು ಹೇಳಲಿಲ್ಲ. ಆ ನೆರವಿನ ಜೊತೆ ಬರುತ್ತಿದ್ದ ಋಣವನ್ನು ಕಳಚಿದರು. ‘ಒಳ್ಳೆಯ ಆಡಳಿತ’ದ ಬಗ್ಗೆ ಮಾತಾಡುವ ಎಷ್ಟೋ ಸುಧಾರಕರು ಸೋಲುವುದು ಇದೇ ಜಾಗದಲ್ಲಿ. ಅವರು ಭ್ರಷ್ಟಾಚಾರದ ಜೊತೆ ನೆರವನ್ನೂ ಅನುಮಾನದಿಂದ ನೋಡುತ್ತಾರೆ, ತಗ್ಗು ಪ್ರದೇಶದ ಮತದಾರನಿಗೆ ಅದು ತಕ್ಷಣ ಗೊತ್ತಾಗುತ್ತದೆ.

2020ರ ಮಾರ್ಚ್‌ನಲ್ಲಿ ಕೋವಿಡ್ ಲಾಕ್‌ಡೌನ್ ಬಂತು. ಸಾರ್ವಜನಿಕ ಸಾರಿಗೆ ಪೂರ್ತಿ ನಿಂತಿತು. ನರ್ಸುಗಳು, ರೋಗಿಗಳು ಆಸ್ಪತ್ರೆಗೆ ಹೋಗುವುದು ಹೇಗೆ? ಇವರಿಗಾಗಿ ಕೆಲವು ತ್ರಿಚಕ್ರ ವಾಹನಗಳು ಓಡಲಿ ಎಂದು ಸೊಟೊ ಕೇಳಿದರು. ಕೇಂದ್ರ ಒಪ್ಪಲಿಲ್ಲ, ನಗರ ನಿಲ್ಲಿಸಿತು. ಆದರೂ ಏಪ್ರಿಲ್ ಮೊದಲ ದಿನ ರಾಷ್ಟ್ರೀಯ ತನಿಖಾ ದಳದಿಂದ ಅವರಿಗೆ ಸಮನ್ಸ್ ಬಂತು, ಮಾರ್ಚ್ ಕೊನೆಯ ವಾರದಲ್ಲಷ್ಟೇ ಜಾರಿಯಾಗಿದ್ದ ತುರ್ತು ಕಾಯ್ದೆಯ ಉಲ್ಲಂಘನೆಯ ಅನುಮಾನದ ಮೇಲೆ. ತ್ರಿಚಕ್ರ ವಾಹನದ ವಿಷಯ ಆ ಕಾಯ್ದೆ ಬರುವ ಮೊದಲೇ ಮುಗಿದಿತ್ತು. ದೇಶದೆಲ್ಲೆಡೆ ಜನ ಮೇಯರ್ ಬೆನ್ನಿಗೆ ನಿಂತರು. ಅಷ್ಟರಲ್ಲಿ ಪಾಸಿಗ್ ತರಕಾರಿ, ಮೀನು ತುಂಬಿದ ಸಂಚಾರಿ ಮಾರುಕಟ್ಟೆಯನ್ನು ಬರಂಗಾಯ್‌ಗಳ ಬಾಗಿಲಿಗೇ ಕಳಿಸುತ್ತಿತ್ತು. 2021ರ ಫೆಬ್ರವರಿಯಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಭ್ರಷ್ಟಾಚಾರ ವಿರೋಧಿ ಹೋರಾಟಕ್ಕಾಗಿ ಗುರುತಿಸಿದ 12 ಮಂದಿಯಲ್ಲಿ ಸೊಟೊ ಒಬ್ಬರು. ಪ್ರಶಸ್ತಿಗಿಂತ ಆ ಸಂಚಾರಿ ಮಾರುಕಟ್ಟೆಯೇ 2022ರಲ್ಲಿ ಮತ ತಂದಿತು ಎಂದು ನಂಬುವವನು ನಾನು.

2022 ಮತ್ತು 2025

2022ರ ಮೇ 9ರ ಚುನಾವಣೆಗೆ ಸೊಟೊ ‘ಗಿಟಿಂಗ್ ನಂಗ್ ಪಾಸಿಗ್’ ಎಂಬ ಹೆಸರಿನಲ್ಲಿ ತಂಡ ಕಟ್ಟಿಕೊಂಡು ಬಂದರು. ಉಪಮೇಯರ್ ಆಗಿ ಗೆದ್ದದ್ದು ಡೊಡೊಟ್ ಜವರ್ಸ್ಕಿ. ತಂದೆ ರಾಬರ್ಟ್ ಜವರ್ಸ್ಕಿ ದೇಶದ ಬ್ಯಾಸ್ಕೆಟ್‌ಬಾಲ್ ದಂತಕಥೆ, ಸೆನೆಟರ್ ಆಗಿದ್ದವರು. ಇಲ್ಲೂ ಕುಟುಂಬದ ಹೆಸರೇ. ನಟಿ ಏಂಜೆಲು ಡಿ ಲಿಯೊನ್ ಕೌನ್ಸಿಲರ್ ಆದರು. ತಾರಾಪಟ್ಟ ಮತ್ತು ಕುಟುಂಬನಾಮದ ಮೇಲಿನ ಅವಲಂಬನೆಯಿಂದ ಪಾಸಿಗ್‌ನ ಸುಧಾರಣಾ ಬಣವೂ ಹೊರಬಂದಿಲ್ಲ.

2025ರ ಸ್ಪರ್ಧೆ ಬೇರೆ ತರಹದ್ದು. ಈ ಸಲ ಎದುರಿಗೆ ಇದ್ದದ್ದು ಹಳೆಯ ಮನೆತನವಲ್ಲ, ಗುತ್ತಿಗೆ ಹಣ. ಮೇಯರ್ ಹುದ್ದೆಗೆ ಎದುರು ನಿಂತ ಸಾರಾ ಡಿಸ್ಕಾಯ ಮತ್ತು ಅವರ ಪತಿ ಸರ್ಕಾರಿ ಕಾಮಗಾರಿಗಳ ದೊಡ್ಡ ಗುತ್ತಿಗೆದಾರರು. ಊರಿನಲ್ಲಿ ಅವರ ಸಂಸ್ಥೆಯ ದತ್ತಿ ಕಾರ್ಯಕ್ರಮಗಳು ನಡೆದವು, ‘ಆತೆ ಸಾರಾ’ ಅಂದರೆ ಸಾರಕ್ಕ ಎಂದು ಪ್ರಚಾರವಾಯಿತು. ಇವರ ನಂಟಿನ ಸೇಂಟ್ ತಿಮೋತಿ ಎಂಬ ನಿರ್ಮಾಣ ಸಂಸ್ಥೆ ಆ ಚುನಾವಣೆಯ ಮತಯಂತ್ರ ಪೂರೈಸುವ ಕೊರಿಯಾದ ಮಿರು ಕಂಪನಿಯ ಜಂಟಿ ಕೂಟದಲ್ಲಿ ಪಾಲುದಾರನಾಗಿತ್ತು. ಸುಮಾರು 1,800 ಕೋಟಿ ಪೆಸೊ ಗುತ್ತಿಗೆ ಅದು. ಸಂಬಂಧಿಕರೊಬ್ಬರು ಚುನಾವಣೆಗೆ ನಿಲ್ಲುತ್ತಿದ್ದಾರೆ ಎಂದು 2024ರ ಅಕ್ಟೋಬರ್‌ನಲ್ಲಿ ಸಂಸ್ಥೆ ಕೂಟದಿಂದ ಹಿಂದೆ ಸರಿಯಿತು. ಮತ ಎಣಿಸುವ ಯಂತ್ರದ ಗುತ್ತಿಗೆಯಲ್ಲೂ ಅಭ್ಯರ್ಥಿಯ ನಂಟು ಇರಬಹುದಾದ ವ್ಯವಸ್ಥೆ ಎಂದರೆ ಅದರ ಸೋಸುವ ಜರಡಿ ಎಷ್ಟು ತೂತು ಬಿದ್ದಿರಬೇಕು.

ಪ್ರಚಾರದಲ್ಲಿ ಸೊಟೊ ಮೇಲಿದ್ದ ದೊಡ್ಡ ಟೀಕೆ ಹೊಸ ನಗರಸಭಾ ಭವನದ ಬಗ್ಗೆ. ಸುಮಾರು 960 ಕೋಟಿ ಪೆಸೊ ಯೋಜನೆ. ಹಳೆಯ ಕಟ್ಟಡ ಸುರಕ್ಷಿತವಲ್ಲ ಎಂದು ಆಡಳಿತ ಹೇಳಿತು, ದುಬಾರಿಯಾಯಿತು ಎಂದು ಎದುರಾಳಿಗಳು ಹೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ಸುದ್ದಿಯಾದದ್ದು ಬೇರೆ. ಏಪ್ರಿಲ್‌ನಲ್ಲಿ ಪಾಸಿಗ್‌ನ ಸಂಸತ್ ಸ್ಥಾನದ ಅಭ್ಯರ್ಥಿಯೊಬ್ಬರು ಪ್ರಚಾರ ವೇದಿಕೆಯ ಮೇಲೆ ಒಂಟಿ ತಾಯಂದಿರ ಬಗ್ಗೆ ಹೊಲಸು ಮಾತಾಡಿ ಕಾಮೆಲೆಕ್‌ನಿಂದ ನೋಟಿಸ್ ಪಡೆದರು.

ಮೇ 12ರಂದು ಪಾಸಿಗ್‌ನ ಮತದಾರ ಶಾಲಾ ಕೊಠಡಿಯೊಂದರಲ್ಲಿ ಕೂತು ಉದ್ದನೆಯ ಮತಪತ್ರದಲ್ಲಿ 22 ಆಯ್ಕೆಗಳವರೆಗೆ ಮಾಡಬಹುದಿತ್ತು: 12 ಸೆನೆಟರುಗಳು, ಒಂದು ಪಾರ್ಟಿ-ಲಿಸ್ಟ್ (ವ್ಯಕ್ತಿಗಲ್ಲದೆ ಪಕ್ಷಕ್ಕೆ ಹಾಕುವ ಸಂಸತ್ ಮತ), ಒಬ್ಬ ಸಂಸದ, ಮೇಯರ್, ಉಪಮೇಯರ್, ಆರು ಕೌನ್ಸಿಲರುಗಳು. ಹೆಸರಿನ ಪಕ್ಕದ ಅಂಡಾಕಾರವನ್ನು ಮಾರ್ಕರ್ ಪೆನ್ನಿನಿಂದ ಪೂರ್ತಿ ತುಂಬಬೇಕು. ಪತ್ರವನ್ನು ಯಂತ್ರಕ್ಕೆ ಉಣಿಸಿದರೆ ಯಾರಿಗೆ ಹಾಕಿದಿರಿ ಎಂಬ ರಸೀದಿ ಬರುತ್ತದೆ. ಅದನ್ನು ಓದಿ ನೋಡಿ ಅಲ್ಲೇ ಇಟ್ಟ ಪೆಟ್ಟಿಗೆಗೆ ಹಾಕಬೇಕು, ಹೊರಗೆ ಒಯ್ಯುವಂತಿಲ್ಲ. ಒಯ್ಯಲು ಬಿಟ್ಟರೆ ಅದು ಮತ ಮಾರಿದ್ದಕ್ಕೆ ಪುರಾವೆಯಾಗುತ್ತದೆ. ಇಷ್ಟುದ್ದದ ಪತ್ರದಲ್ಲಿ ಕೌನ್ಸಿಲರ್ ಹೆಸರು ತಲುಪುವ ಹೊತ್ತಿಗೆ ಜನ ಪರಿಚಿತ ಕುಟುಂಬನಾಮ ಹುಡುಕುತ್ತಾರೆ. ಮನೆತನಗಳು ಬದುಕುವುದೇ ಈ ಸುಸ್ತಿನ ಮೇಲೆ. ಪಾಸಿಗ್ ಮತದಾರರು ಮಾತ್ರ ಪತ್ರದ ಕೊನೆಯವರೆಗೂ ಒಂದೇ ತಂಡವನ್ನು ಹುಡುಕಿ ಗುರುತು ಹಾಕಿದರು. ಸೊಟೊ ತಂಡ ನಗರಸಭೆಯನ್ನೂ ಗುಡಿಸಿಕೊಂಡು ಹೋಯಿತು.

ಅದೇ ವರ್ಷದ ಆಗಸ್ಟ್ 11ರಂದು ಅಧ್ಯಕ್ಷ ಮಾರ್ಕೋಸ್ ಜೂನಿಯರ್ ಪ್ರವಾಹ ನಿಯಂತ್ರಣ ಕಾಮಗಾರಿಗಳಲ್ಲಿ ಐದನೇ ಒಂದು ಭಾಗದಷ್ಟು ಹಣ ಪಡೆದ 15 ಗುತ್ತಿಗೆದಾರ ಸಂಸ್ಥೆಗಳ ಹೆಸರು ಹೇಳಿದರು. ಪಟ್ಟಿಯಲ್ಲಿದ್ದ ಎರಡು ಸಂಸ್ಥೆಗಳು ಡಿಸ್ಕಾಯ ದಂಪತಿಯ ನಂಟಿನವು. ಸೆಪ್ಟೆಂಬರ್‌ನಲ್ಲಿ ಸೆನೆಟ್ ವಿಚಾರಣೆಯ ಬೆನ್ನಿಗೆ ಅವರ ನಂಟಿನ ಒಂಬತ್ತು ಸಂಸ್ಥೆಗಳ ಪರವಾನಗಿ ರದ್ದಾಯಿತು. ಮೊಣಕಾಲುದ್ದ ನೆರೆ ನೋಡುತ್ತಲೇ ಬದುಕಿದ ಊರಿನವರಿಗೆ ಈ ಸುದ್ದಿ ಹೇಗೆ ತಾಗಿರಬೇಕು ಎಂದು ಯೋಚಿಸಿದರೆ ಸಂಕಟವಾಗುತ್ತದೆ. ಮತ ಹಾಕಿದ ದಿನ ಈ ಪಟ್ಟಿ ಅವರ ಮುಂದಿರಲಿಲ್ಲ. ಆದರೂ ಹತ್ತರಲ್ಲಿ ಒಂಬತ್ತು ಜನ ಆ ಕಡೆ ಹೋಗಲಿಲ್ಲ.

2028

ಈಗಿರುವುದು ಸೊಟೊ ಅವರ ಮೂರನೇ ಸತತ ಅವಧಿ. 2028ರಲ್ಲಿ ಮೇಯರ್ ಹುದ್ದೆಗೆ ನಿಲ್ಲುವಂತಿಲ್ಲ. ಯುಸೇಬಿಯೊ ಕುಟುಂಬ 2001ರಲ್ಲಿ ಎದುರಿಸಿದ ಗಳಿಗೆಯೇ ಇದು. ಸೊಟೊ ತಮ್ಮ ಅವಧಿ ಮುಗಿದ ಮೇಲೆ ರಾಜಕೀಯದಿಂದ ಸ್ವಲ್ಪ ಬಿಡುವು ಬೇಕೆಂದು ಹೇಳಿದ್ದಾರೆ.

ಇಷ್ಟು ವರ್ಷಗಳಲ್ಲಿ ಮಾಡಿದ್ದರಲ್ಲಿ ಎಷ್ಟು ಕಟ್ಟಳೆಯಲ್ಲಿದೆ, ಎಷ್ಟು ಒಬ್ಬ ಮೇಯರ್‌ನ ಅಭ್ಯಾಸದಲ್ಲಿದೆ ಎನ್ನುವುದನ್ನು ಬೇರೆ ಬೇರೆಯಾಗಿ ನೋಡಬೇಕಾದ ಹೊತ್ತು ಇದು. 2018ರ ಮಾಹಿತಿ ಕಟ್ಟಳೆಯನ್ನು ಕಿತ್ತುಹಾಕಬೇಕಾದರೆ ಮುಂದಿನವರು ನಗರಸಭೆಯಲ್ಲಿ ಬಹಿರಂಗವಾಗಿ ಮತ ಹಾಕಬೇಕು. ಚೀಲದ ಮೇಲೆ ಹೆಸರು ಅಚ್ಚು ಹಾಕಿಸಲು ಅಂಥ ಮತವೇನೂ ಬೇಡ, ಮೇಯರ್ ಮನಸ್ಸು ಮಾಡಿದರೆ ಸಾಕು. ನಗರಸಭೆ ಈಗ ಅವರ ತಂಡದ ಕೈಯಲ್ಲಿದೆ. ಅಭ್ಯಾಸವಾಗಿ ನಡೆದುಬಂದದ್ದನ್ನೆಲ್ಲ ಕಟ್ಟಳೆಯಾಗಿ ಬರೆದಿಡಲು ತಡೆಯುವವರಿಲ್ಲ. ಮುಂದಿನ ಅಭ್ಯರ್ಥಿಗಳು ನಾಮಪತ್ರ ಸಲ್ಲಿಸುವವರೆಗೆ, ಅಂದರೆ 2027ರ ಕೊನೆಯ ತಿಂಗಳುಗಳವರೆಗೆ, ಆ ಕೆಲಸಕ್ಕೆ ಅವರಿಗೆ ಸಮಯವಿದೆ.